ಗುರುತಿಸಿದವರು

ಒಣಗಿಸಿದ ಗಿಡಗಳ ಕೋಣೆಯಲ್ಲಿ ಕಬ್ಬಿಣದ ಕಪಾಟು ಹದಿನಾಲ್ಕು,
ಕೀಲಿಕೈ ನನ್ನ ಸೆರಗಿನ ತುದಿಗೆ.
ಡಾಂಬರಗುಳಿಗೆಯ ವಾಸನೆ ರೂಢಿಯಾಗಿ
ಈಗ ಮನೆಯ ಚಹಾಕ್ಕೂ ಅದೇ ವಾಸನೆ.

ಸ್ವಚ್ಛ ಮಾಡುವಾಗ ಒಂದು ಹಾಳೆ ಸಿಕ್ಕಿತು, ಅಂಚು ಹಳದಿ.
ಒಂದೇ ಎಲೆ: ಬಿಚ್ಚಿದ ಅಂಗೈ, ಐದು ಬೆರಳು.
ಹೂವಿಲ್ಲ, ಕಾಯಿಲ್ಲ. ‘ಕೆಲಗೇರಿ ಕೆರೆಯ ದಂಡೆ’ ಎಂದಷ್ಟೇ.
ಹೆಸರಿನ ಜಾಗದಲ್ಲಿ ಪ್ರಶ್ನೆಯ ಕೊಕ್ಕೆ,
ಯಾರೋ ಪೆನ್ಸಿಲ್ಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದದ್ದು.

ಹೊಸಮಠ ಮೇಡಂ ಭೂತಗನ್ನಡಿ ಹಿಡಿದು ನಕ್ಕರು:
“ಶಮಶಾದ, ಎಲಿ ಸುಳ್ಳು ಹೇಳತಾವ.
ಸವಣೂರಿನ ದೊಡ್ಡಹುಣಸಿಗೂ ಐದು ಬೆರಳು,
ಕೆಂಪು ಬೂರಗಕ್ಕೂ ಐದು, ಬಿಳಿ ಬೂರಗಕ್ಕೂ ಐದು,
ಮನಸು ಬಂದರ ಏಳು.
ಹೂ ಕೇಳು. ಹೂ ಸಿಗಲಿಲ್ಲಂದ್ರ ಬೀಜ ಕೇಳು.”

ಹೂ ಕೇಳುವುದೆಂದರೆ ಬ್ಲೇಡಿನಿಂದ ಸೀಳುವುದು.
ನಾನೂ ಸೀಳಿದ್ದೇನೆ, ಇಪ್ಪತ್ತು ವರ್ಷ, ಮೇಡಂಗಳು ಬದಲಾದರೂ.
ಕೆಂಪು ಬೂರಗದ್ದು ದಪ್ಪ ಬಟ್ಟಲು, ಗೊರವಂಕಗಳು ಜಗಳಾಡಿ ಬಿಟ್ಟದ್ದು;
ಕೇಸರ ಗೊಂಚಲು ಗೊಂಚಲು. ಎಣಿಸಿದೆ: ಎಪ್ಪತ್ತೊಂದು.
ಬಿಳಿಯದರಲ್ಲಿ ಐದೇ ಐದು,
ನಮ್ಮ ಮನೆಯ ಚಮಚೆಗಳಷ್ಟೇ.
ಸವಣೂರಿನದು ರಾತ್ರಿ ಅರಳಿ, ತಲೆಕೆಳಗಾಗಿ ಜೋತು
ಬಾವಲಿಗೆ ಕಾಯುವ ಹೂ. ಬೆಳಿಗ್ಗೆ ಬಸ್ಸಿಳಿದು ಆರಿಸುವ ಹೊತ್ತಿಗೆ
ಕಂದಿರುತ್ತದೆ, ಹಳೆಯ ತೊಗಲಿನ ನಾತ.
ಆದರೂ ಸೀಳಿದರೆ ಒಳಗೆ ಸಾವಿರ ಎಳೆ,
ಬುಡದಲ್ಲಿ ಎಲ್ಲ ಕೂಡಿ ಒಂದೇ ಕೊಳವೆ.
ಅಂಗಳದ ದಾಸವಾಳದೊಳಗೂ ಆ ಕೊಳವೆ ಇದೆ,
ಬೆಂಡೆಯ ಹೂವಿನೊಳಗೂ, ಹೊಲದ ಹತ್ತಿಯೊಳಗೂ.
ಹುಳಿ ತಿರುಳು ನೆಕ್ಕಿದ ಹುಡುಗರು ಹುಣಸೆ ಎಂದು ಕರೆದರು,
ಆ ಹೆಸರೇ ನಿಂತಿತು.
ಹೂ ಮಾತ್ರ ಇಷ್ಟು ದಿನ ಸುಮ್ಮನೆ
ಹತ್ತಿಯ ಮನೆತನದ ಅಡ್ಡಹೆಸರು ಹಚ್ಚಿಕೊಂಡೇ ಇದೆ.

ಕೆಲಗೇರಿಗೆ ಹೋದೆ. ಮರ ಇತ್ತು.
ಮುಳ್ಳು ಸವೆದ ಬೊಡ್ಡೆಗೆ ಯಾರದೋ ಎಮ್ಮೆ ಕಟ್ಟಿತ್ತು.
ಹೂವಿನ ಕಾಲ ಮುಗಿದು ಕಾಯಿ ಬಾಯಿಬಿಟ್ಟಿದ್ದವು.
ಎರಡನ್ನು ಚೀಲದಲ್ಲಿಟ್ಟು ಚಿಗರಿ ಬಸ್ಸು ಹತ್ತಿದೆ,
ಹಳೇ ಹುಬ್ಬಳ್ಳಿಯ ಅಪ್ಪನ ಮನೆಗೆ.

ದಾವಲಸಾಬ ನದಾಫ. ಗಾದಿ ಹೊಲಿದು, ಅರಳೆ ಹಿಂಜಿ
ಎರಡು ಊರುಗಳನ್ನು ಮಲಗಿಸಿದವರು.
ಬಿಲ್ಲು ಈಗ ಗೋಡೆಯ ಮೊಳೆಗೆ, ತಂತಿ ಸಡಿಲ.
ಕಾಯಿಯನ್ನು ಅವರು ನೋಡಲಿಲ್ಲ, ಹಿಸುಕಿದರು.
“ಹತ್ತಿಕಾಳಿನ ತೊಗಲಿನಾಗಿಂದನ ಎಳಿ ಹುಟ್ಟತೈತಿ.
ಜಗ್ಗಿದರ ಬಿಡೂದಿಲ್ಲ, ಗಿರಣಿಗೇ ಹಾಕಬೇಕು.
ಬೂರಗದ್ದು ಹಂಗಲ್ಲವಾ. ಎಳಿ ಕಾಯಿಯ ಗೋಡಿದು,
ಬೀಜ ಬರೇ ಬಾಡಿಗಿದಾರ. ಕೊಡವು.”
ಕೊಡವಿದೆ. ಕರಿ ಬೀಜ ಪರಾತದಲ್ಲಿ ಟಣಟಣ ಬಿದ್ದವು,
ಒಂದಕ್ಕೂ ಒಂದೆಳೆ ಅಂಟಿರಲಿಲ್ಲ.
“ಕೆಂಪುದು ಇದು. ಬಿಳಿದರ ಕಾಯಿ ಮರದ ಮ್ಯಾಲೆ
ಹಿಂಗ ಬಾಯಿ ಬಿಡೂದು ಕಡಿಮಿ.”
“ಎರಡೂ ಒಂದ ಗಾದಿಯಾಗ ತುಂಬಿದರ?”
“ಹತ್ತಿ ಬೆನ್ನಿಗೆ, ಬೂರಗ ತಲಿಗೆ. ಸಂಬಂಧ ಐತಿ ಖರೆ,
ಹಂಗಂತ ಎಲ್ಲಾರನೂ ಒಂದ ಚೀಲದಾಗ ತುಂಬತಾರೇನು?”
ನಕ್ಕರು. ನಗು ಕೆಮ್ಮಾಯಿತು.
ಅರವತ್ತು ವರ್ಷದ ಎಳೆ ಇನ್ನೂ ಎದೆಯೊಳಗಿದೆ,
ಅದು ಕೊಡವಿದರೆ ಬಿಡುವ ಜಾತಿಯದಲ್ಲ.

ಮರುದಿನ ಬೀಜಗಳನ್ನು ಕಾಗದದ ಪಾಕೀಟಿಗೆ ಹಾಕಿ
ಎಲೆಯ ಪಕ್ಕದಲ್ಲೇ ಅಂಟಿಸಿದೆ.
ಕೊಕ್ಕೆ ಅಳಿಸಿ ಕೆಂಪು ಬೂರಗ ಎಂದೆ, ಲ್ಯಾಟಿನ್ ಹೆಸರು ಮೇಡಂಗೆ ಬಿಟ್ಟೆ.
ಕೆಳಗಿನ ಸಾಲು ಖಾಲಿಯಿತ್ತು, ‘ಗುರುತಿಸಿದವರು’.
ಮಸಿಯಲ್ಲೇ ತುಂಬಿದೆ.

ಮೇಡಂ ಓದಿದರು. ಕನ್ನಡಕ ಹಣೆಗೇರಿಸಿ ಕೇಳಿದರು:
“ನದಾಫ? ಇವರು ಯಾವ ವಿಭಾಗ?”
“ಗಾದಿ ವಿಭಾಗರೀ,” ಅಂದೆ.
ಫ್ಯಾನಿನ ಗಾಳಿಗೆ ಪಾಕೀಟಿನಿಂದ ತಪ್ಪಿಸಿಕೊಂಡ ಒಂದೆಳೆ
ಕಪಾಟುಗಳ ಮೇಲೆಲ್ಲ ಸುತ್ತಿ
ಎಲ್ಲಿ ಇಳಿಯಬೇಕೆಂದು ಇನ್ನೂ ಹುಡುಕುತ್ತಿತ್ತು.